ಮನೆಮಂದಿ ಜೊತೆ ಬೀದರ್‌ನ ನರಸಿಂಹ ಝರಣಾ ಗುಹೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್‌ನಲ್ಲಿ ಮನೆ ಇದ್ದವರಿಗೆ ನೆಂಟರು ಕೋಟೆಯ ಬಗ್ಗೆ ಕೇಳೋದು ಕಡಿಮೆ, ಗುಹೆಯ ಬಗ್ಗೆ ಕೇಳೋದು ಜಾಸ್ತಿ. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಹೆಚ್ಚಿನವರು ಹೆದರುವುದು ಕತ್ತಲಿಗೆ, ಬಾವಲಿಗೆ. ನನ್ನ ಲೆಕ್ಕದಲ್ಲಿ ಅವೆರಡೂ ದೊಡ್ಡ ವಿಷಯವಲ್ಲ. ಯೋಚನೆ ಮಾಡಬೇಕಾದ್ದು ನೀರು, ಗಾಳಿ ಮತ್ತು ಜನಜಂಗುಳಿಯ ಬಗ್ಗೆ.

## ಮೊದಲ ಸಲ ಹೋಗುವವರಿಗೆ

ಈ ಗುಹೆ ಎಲ್ಲಿದೆ? ಒಳಗೆ ಏನಿದೆ?

ಬೀದರ್ ಊರಿನ ಅಂಚಿನಲ್ಲೇ ಇದೆ, ಮಂಗಲಪೇಟೆ ಕಡೆ. ಝರಣಿ ನರಸಿಂಹ ದೇವಸ್ಥಾನ ಅಂದರೂ ಸೈ, ನರಸಿಂಹ ಝರಣಾ ಅಂದರೂ ಸೈ, ಆಟೋದವರು ಕರೆದುಕೊಂಡು ಹೋಗುತ್ತಾರೆ. ಗುಡ್ಡದ ಹೊಟ್ಟೆಯೊಳಗೆ ಸುಮಾರು 300 ಮೀಟರ್ ಉದ್ದದ ಸುರಂಗದಂಥ ಗುಹೆ. ಉದ್ದಕ್ಕೂ ನೀರು. ಆ ನೀರಿನಲ್ಲೇ ನಡೆದು ಹೋಗಬೇಕು. ಕೊನೆಯಲ್ಲಿ ಕೆಂಪು ಕಲ್ಲಿನ ಗೋಡೆಯಲ್ಲಿ ನರಸಿಂಹ ಸ್ವಾಮಿ, ಹತ್ತಿರದಲ್ಲೇ ಶಿವಲಿಂಗ. ದೇವರ ಮುಂದೆ ಕೆಲವೇ ಜನ ನಿಲ್ಲುವಷ್ಟು ಜಾಗ. ಹಾಗಾಗಿ ದರ್ಶನ ಅಂದರೆ ಒಂದೆರಡು ನಿಮಿಷ, ನಡಿಗೆಯೇ ಮುಖ್ಯ ಅಂದುಕೊಂಡು ಹೊರಡಿ.

ಹೈದರಾಬಾದಿನಿಂದ ಬೀದರ್ ಸುಮಾರು 140 ಕಿಲೋಮೀಟರ್. ಕಲಬುರಗಿ ಕಡೆಯವರಿಗೆ ಬಸ್ಸಿನ ಜೊತೆ ರೈಲೂ ಇದೆ. ಕಲಬುರಗಿ–ಬೀದರ್ ಮಾರ್ಗ 2017ರಲ್ಲಿ ಪೂರ್ತಿಯಾಯಿತು.

ನರಸಿಂಹನ ಗುಹೆಯಲ್ಲಿ ಶಿವಲಿಂಗ ಯಾಕಿದೆ?

ಅದರ ಹಿಂದೆ ಒಂದು ಕಥೆ ಇದೆ. ಹಿರಣ್ಯಕಶಿಪುವನ್ನು ಕೊಂದ ಮೇಲೆ ನರಸಿಂಹ ಇಲ್ಲಿಗೆ ಬಂದನಂತೆ. ಈ ಗುಹೆಯಲ್ಲಿ ಜಲಾಸುರ ಎಂಬ ರಾಕ್ಷಸ ಶಿವನನ್ನು ಪೂಜಿಸುತ್ತಿದ್ದ. ಝರಾಸುರ ಅಂತಲೂ ಕರೆಯುತ್ತಾರೆ. ನರಸಿಂಹ ಅವನನ್ನೂ ಕೊಂದ. ಸಾಯುವಾಗ ರಾಕ್ಷಸ, ನೀನು ಇಲ್ಲೇ ನೆಲೆಸು, ಬಂದವರಿಗೆ ವರ ಕೊಡು ಅಂತ ಬೇಡಿಕೊಂಡ. ಆಮೇಲೆ ತಾನೇ ನೀರಾಗಿ ದೇವರ ಪಾದದಿಂದ ಹರಿದ. ಲಿಂಗ ಆ ರಾಕ್ಷಸ ಪೂಜಿಸುತ್ತಿದ್ದದ್ದು ಅಂತ ನಂಬಿಕೆ. ಮಕ್ಕಳಿಗೆ ಹೊರಡುವ ಹಿಂದಿನ ರಾತ್ರಿ ಈ ಕಥೆ ಹೇಳಿಡಿ. ಎದೆಯವರೆಗೆ ನೀರು ಬಂದಾಗ ‘ಇವನೇ ಅಲ್ವಾ ಆ ರಾಕ್ಷಸ?’ ಅಂತ ಅವರೇ ಕೇಳುತ್ತಾರೆ. ಭಯ ಅರ್ಧ ಇಳಿಯುತ್ತದೆ.

ನೀರು ಎಷ್ಟು ಆಳ? ನಮಗೆ ಈಜು ಬರಲ್ಲ.

ಈಜು ಬೇಕಿಲ್ಲ. ಇದು ನಡೆಯುವ ದಾರಿ. ನೀರು ತುಂಬಿದ್ದಾಗ ಆಳ 4ರಿಂದ 5 ಅಡಿ, ಅಂದರೆ ದೊಡ್ಡವರಿಗೆ ಎದೆಯಿಂದ ಕುತ್ತಿಗೆಯವರೆಗೆ. ಬೇಸಿಗೆಯಲ್ಲಿ ಕಡಿಮೆಯೂ ಆಗುತ್ತದೆ. ಎದೆಮಟ್ಟದ ನೀರಿನಲ್ಲಿ ದೇಹ ಹಗುರಾಗಿ, ಪಾದಕ್ಕೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಮುಂದಿನವರು ತಳ್ಳಿದರೆ ಸಲೀಸಾಗಿ ಹಿಂದಕ್ಕೆ ವಾಲುತ್ತೀರಿ. ಅದಕ್ಕೆ ಗೋಡೆಯ ಬದಿ ಹಿಡಿಯಿರಿ, ಪಾದ ಎತ್ತಿ ಇಡುವ ಬದಲು ನೆಲಕ್ಕೆ ಉಜ್ಜಿಕೊಂಡೇ ಸರಿಯಿರಿ. ಬಯಲಲ್ಲಿ 300 ಮೀಟರ್ ಅಂದರೆ ಐದು ನಿಮಿಷದ ದಾರಿ. ನೀರಿನಲ್ಲಿ, ಸಾಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಯಾವಾಗ ಹೋದರೆ ಒಳ್ಳೇದು?

ವಾರದ ನಡುವಿನ ದಿನ, ಬೆಳಿಗ್ಗೆ ಬೇಗ. ಶನಿವಾರ, ಭಾನುವಾರ, ಹಬ್ಬದ ರಜೆಯಲ್ಲಿ ತೆಲಂಗಾಣದಿಂದ, ಮಹಾರಾಷ್ಟ್ರದಿಂದ ಗಾಡಿಗಟ್ಟಲೆ ಜನ ಬರುತ್ತಾರೆ. ಮಕ್ಕಳಿದ್ದರೆ ಅಂಥ ದಿನ ಬೇಡವೇ ಬೇಡ. ತಿಂಗಳ ಲೆಕ್ಕದಲ್ಲಿ ನನಗೆ ಇಷ್ಟ ಅಕ್ಟೋಬರ್‌ನಿಂದ ಫೆಬ್ರವರಿ. ಮಳೆ ನಿಂತಿರುತ್ತದೆ, ಒರತೆ ಚೆನ್ನಾಗಿರುತ್ತದೆ, ಹೊರಗೆ ಬಂದಾಗ ಬಿಸಿಲೂ ಹಿತವಾಗಿರುತ್ತದೆ.

ದೂರದಿಂದ ಬಂದ್ರೂ ‘ಒಳಗೆ ಬಿಡಲ್ಲ’ ಅಂತಾರಂತೆ, ಹೌದಾ?

ಆಗುತ್ತದೆ. ನೀರು ತೀರಾ ಕಡಿಮೆಯಾದಾಗ, ಒಳಗೆ ಗಾಳಿ ಸರಿಯಿಲ್ಲದಾಗ, ರಿಪೇರಿ ನಡೆಯುವಾಗ ಪ್ರವೇಶ ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ದಿನ ಬೀದರ್‌ನಲ್ಲಿರುವ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಬಾಗಿಲಲ್ಲಿ ನಿಂತವರ ಜೊತೆ ‘ಇಷ್ಟು ದೂರದಿಂದ ಬಂದೀವಿ, ಒಂದೇ ಸಲ ಬಿಡ್ರಿ’ ಅಂತ ಜಗ್ಗಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವರು ತಡೆಯುವುದು ನಿಮ್ಮ ಒಳ್ಳೆಯದಕ್ಕೇ.

ಏನು ಹಾಕ್ಕೊಂಡು ಹೋಗೋದು? ಮೊಬೈಲ್ ಒಯ್ಯಬಹುದಾ?

ಸೀರೆ ಉಟ್ಟು ಇಳಿಯುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂಡಿದಾರ್ ವಾಸಿ, ವೇಲ್ ಹೊರಗೇ ಬಿಡಿ. ಗಂಡಸರಿಗೆ ಚಡ್ಡಿ, ಟೀ ಶರ್ಟ್ ಸಾಕು. ಜೀನ್ಸ್ ಬೇಡ, ನೆನೆದರೆ ಭಾರ. ದೇವಸ್ಥಾನ, ಹಾಗಾಗಿ ಬರಿಗಾಲು. ಕಾಲ್ಗೆಜ್ಜೆ, ಕಿವಿಯೋಲೆ, ಸಡಿಲ ಉಂಗುರ ಬಿಚ್ಚಿಡಿ. ಕೆಂಪು ಕಲ್ಲಿನ ಗೋಡೆಗೆ ಒರಗಿದರೆ ಬಟ್ಟೆಗೆ ಕಲೆ ಹಿಡಿಯುತ್ತದೆ. ಬಿಳಿ ಶರ್ಟ್ ಯಾಕೆ ಬೇಡ ಅಂತ ಮತ್ತೆ ಹೇಳಬೇಕಿಲ್ಲ ಅಲ್ವಾ?

ಮೊಬೈಲ್ ಹೊರಗಿರಲಿ. ಬರುವಾಗ ಒಂದು ಕೈ ಗೋಡೆಗೆ, ಒಂದು ಕೈ ಮಗುವಿಗೆ. ಫೋಟೋ ತೆಗೆಯಲು ಮೂರನೇ ಕೈ ಎಲ್ಲಿದೆ? ಬ್ಯಾಗು, ಒಣ ಬಟ್ಟೆ, ಗಾಡಿ ಕೀಲಿ ನೋಡಿಕೊಳ್ಳಲು ಮನೆಯವರೊಬ್ಬರು ಹೊರಗೇ ಕೂರಲಿ. ಆಮೇಲೆ ಸರದಿ ಬದಲಿಸಿಕೊಳ್ಳಿ.

## ಮಕ್ಕಳು, ಹಿರಿಯರು

ಸಣ್ಣ ಹುಡುಗರನ್ನ ಕರ್ಕೊಂಡು ಹೋಗಬಹುದೇನ್ರಿ?

ವಯಸ್ಸಿಗಿಂತ ಎತ್ತರ ನೋಡಿ. ಐದು ವರ್ಷದ ಮಗು ಮೂರೂವರೆ ಅಡಿ ಇರುತ್ತದೆ. ನಾಲ್ಕು ಅಡಿ ನೀರಿನಲ್ಲಿ ಅದಕ್ಕೆ ನೆಲ ಸಿಗುವುದೇ ಇಲ್ಲ. ಅಂದರೆ ಹೋಗುವಾಗ, ಬರುವಾಗ ಪೂರ್ತಿ ದಾರಿ ಯಾರಾದರೂ ಹೊತ್ತುಕೊಳ್ಳಬೇಕು. ಹೊರುವವರು ಎತ್ತರದವರಾಗಿರಬೇಕು, ಜೊತೆಗೆ ಕೈ ಬದಲಿಸಲು ಇನ್ನೊಬ್ಬರು ಬೇಕು. ಒಬ್ಬ ದೊಡ್ಡವರಿಗೆ ಒಂದೇ ಮಗು. ಇಬ್ಬರು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಲೆಕ್ಕ ನೀರಿನಲ್ಲಿ ಕೈ ಕೊಡುತ್ತದೆ.

ಹೆಗಲ ಮೇಲೆ ಕೂರಿಸಿಕೊಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಗುಹೆಯ ಸೂರು ಎಲ್ಲಾ ಕಡೆ ಒಂದೇ ಎತ್ತರ ಇರುವುದಿಲ್ಲ. ಅಪ್ಪ ನೀರು ನೋಡುತ್ತಾ ನಡೆದರೆ ಮೇಲೆ ಕೂತವನ ಹಣೆ ಕಲ್ಲಿಗೋ ದೀಪಕ್ಕೋ ಬಡಿಯುತ್ತದೆ. ಸೊಂಟದ ಪಕ್ಕ ಎತ್ತಿಕೊಳ್ಳಿ, ಮಗುವಿನ ಕೈ ನಿಮ್ಮ ಕೊರಳ ಸುತ್ತ ಇರಲಿ.

ಎರಡು ವರ್ಷದೊಳಗಿನ ಕೂಸನ್ನು ಒಯ್ಯಬೇಡಿ. ಹರಕೆ ಇದ್ದರೂ ಬೇಡ. ಹರಕೆಯನ್ನು ಅಪ್ಪ ಅಮ್ಮ ತೀರಿಸಬಹುದು, ಕೂಸು ಹೊರಗೆ ಆಯಿಯ ತೊಡೆ ಮೇಲೆ ಮಲಗಿರಲಿ.

ಆಯಿಗೆ ಮೊಣಕಾಲು ನೋವು, ಮುತ್ಯಾಗೆ ಸಕ್ಕರೆ ಕಾಯಿಲೆ. ಇಬ್ರೂ ಹಠ ಹಿಡಿದಾರ. ಏನು ಮಾಡೋದು?

ಮೊಣಕಾಲು ನೋವಿಗೆ ನೀರು ಅಷ್ಟೇನೂ ತೊಂದರೆಯಲ್ಲ. ನೀರು ಮೈಭಾರ ಹೊರುತ್ತದೆ, ಕೀಲಿಗೆ ಆರಾಮವೇ. ಕಷ್ಟ ಇರುವುದು ಇಳಿಯುವ, ಹತ್ತುವ ಮೆಟ್ಟಿಲಲ್ಲಿ. ಅಲ್ಲಿ ಎರಡೂ ಬದಿ ಆಸರೆ ಕೊಡಿ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆ. ತುಂಬಾ ವರ್ಷದಿಂದ ಕಾಯಿಲೆ ಇದ್ದರೆ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರುತ್ತದೆ. ಬರಿಗಾಲಿಗೆ ಕಲ್ಲು ತಗುಲಿ ಕೊಯ್ದರೂ ಗೊತ್ತಾಗುವುದಿಲ್ಲ, ನೂರಾರು ಜನ ನಡೆದ ನೀರು ಆ ಗಾಯಕ್ಕೆ ಇಳಿಯುತ್ತದೆ. ಹೋಗಲೇಬೇಕು ಅಂದರೆ ಹೊರಗೆ ಬಂದ ಕೂಡಲೇ ಪಾದ ತೊಳೆದು, ಒರೆಸಿ, ಬೆರಳ ಸಂದಿಯನ್ನೂ ಬೆಳಕಿನಲ್ಲಿ ನೋಡಿ. ಈಗಾಗಲೇ ಹುಣ್ಣಿದ್ದರೆ ಇಳಿಯಲೇಬಾರದು.

ಹೃದಯದ ತೊಂದರೆ, ದಮ್ಮು, ಹತೋಟಿಯಲ್ಲಿಲ್ಲದ ಬಿಪಿ, ಫಿಟ್ಸ್ ಇದ್ದವರಿಗೂ ಬೇಡ. ಒಳಗೆ ಏನಾದರೂ ಆದರೆ ಹೊರಗೆ ತರಲು ಅದೇ ನೀರಿನ ದಾರಿ ಒಂದೇ. ಸ್ಟ್ರೆಚರ್ ಬರುವ ಜಾಗ ಅಲ್ಲ ಅದು.

ಮಕ್ಕಳಾಗಲಿ ಅಂತ ಹರಕೆ ಹೊತ್ತಿದ್ವಿ, ಈಗ ಸೊಸೆ ಬಸುರಿ. ಹರಕೆ ತೀರಿಸೋಕೆ ಕರ್ಕೊಂಡು ಹೋಗಲಾ?

ಈಗ ಬೇಡ. ಜಾರುವ ನೆಲ, ನೂಕುನುಗ್ಗಲು, ಕಡಿಮೆ ಗಾಳಿ ಮೂರೂ ಒಂದೇ ಕಡೆ ಇವೆ. ಹೆರಿಗೆ ಆಗಿ, ಅವರು ಗಟ್ಟಿಯಾದ ಮೇಲೆ ಬನ್ನಿ. ದೇವರು ಕಾಯುತ್ತಾನೆ.

ಅರ್ಧ ದಾರಿಯಲ್ಲಿ ಮಗು ಅಳೋಕೆ ಶುರು ಮಾಡಿದ್ರೆ?

ವಾಪಸ್ ಬನ್ನಿ. ಈ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಅಷ್ಟೇ. ಆದರೆ ಮನೆಯಿಂದ ಹೊರಡುವಾಗಲೇ ಇದನ್ನು ಮಾತಾಡಿಕೊಂಡಿರಬೇಕು: ಯಾರು ಸಾಕು ಅಂದರೂ ಒಬ್ಬ ದೊಡ್ಡವರು ಅವರ ಜೊತೆ ತಿರುಗುತ್ತಾರೆ, ಉಳಿದವರು ಮುಂದೆ ಹೋಗುತ್ತಾರೆ. ಮೊದಲೇ ಗೊತ್ತಿದ್ದರೆ ನೀರಿನ ಮಧ್ಯೆ ನಿಂತು ‘ಇನ್ನು ಸ್ವಲ್ಪ ಅಷ್ಟೇ, ಬಾ’ ಅಂತ ಪೂಸಿ ಹೊಡೆಯುವ ಪ್ರಸಂಗ ಬರುವುದಿಲ್ಲ. ಹಿಂದಿನಿಂದ ಜನ ಬರುತ್ತಿರುತ್ತಾರೆ. ಸಾಲಿಗೆ ಎದುರಾಗಿ ಬರುವಾಗ ಗೋಡೆ ಬಿಡಬೇಡಿ, ‘ಮಗು ಇದೆ, ದಾರಿ ಕೊಡ್ರಿ’ ಅಂತ ಜೋರಾಗಿ ಹೇಳಿ. ಜನ ಕೊಡುತ್ತಾರೆ. ಅಳುವ ಮಗು ಎಲ್ಲರ ಮನೆಯಲ್ಲೂ ಇರುತ್ತದೆ.

ನೀರಿಗೆ ಇಳಿಯದವರು ಅಷ್ಟು ಹೊತ್ತು ಏನು ಮಾಡೋದು?

ಸಿಖ್ಖರ ಗುರುದ್ವಾರ ಗುರುನಾನಕ್ ಝಿರಾ ಊರಿನಲ್ಲೇ ಇದೆ. ಅದೂ ಕಲ್ಲಿನಿಂದ ಬರುವ ಒರತೆಯೇ. ಗುರುನಾನಕರು 16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಾಗ ನೀರು ಚಿಮ್ಮಿತು ಅಂತ ನಂಬಿಕೆ. ನೆಲ ಸಪಾಟು, ನೆರಳಿದೆ, ಲಂಗರಿನಲ್ಲಿ ಊಟ ಇದೆ. ತಲೆಗೆ ಬಟ್ಟೆ ಕಟ್ಟಿಕೊಂಡರೆ ಆಯಿತು. ಪಾಪನಾಶ ಶಿವನ ಗುಡಿಯೂ ಹತ್ತಿರ. ಗುಹೆಯಿಂದ ಬಂದ ಮಕ್ಕಳಿಗೆ ಎಂಥ ಹಸಿವು ಅಂದರೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿದ್ದರೂ ಹೊರಗಿನ ಮಿರ್ಚಿ ಭಜಿ ಬಿಡುವುದಿಲ್ಲ.

## ಒಳಗೆ ಹೋದ ಮೇಲೆ

ಬಾವಲಿ ಕಚ್ಚುತ್ತಾ? ತಲೆಗೂದಲಿಗೆ ಸಿಕ್ಕಿಕೊಳ್ಳುತ್ತೆ ಅಂತಾರೆ.

ಸಿಕ್ಕಿಕೊಳ್ಳುವುದಿಲ್ಲ. ಗುಹೆಯ ಬಾವಲಿಗಳು ಸಣ್ಣ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ಹುಡುಕುತ್ತವೆ. ಕತ್ತಲಲ್ಲಿ ಸೊಳ್ಳೆ ಹಿಡಿಯುವ ಪ್ರಾಣಿಗೆ ನಿಮ್ಮ ಜಡೆ ಕಾಣದೇ ಇರುತ್ತದೆಯೇ? ಸೂರಿನ ತೂತುಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಕಿರುಚಿದರೆ, ನೀರು ಎರಚಿದರೆ, ಟಾರ್ಚ್ ನೇರ ಮುಖಕ್ಕೆ ಹಿಡಿದರೆ ಗಾಬರಿಯಾಗಿ ಹಾರಾಡುತ್ತವೆ. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಗದ್ದಲಕ್ಕೆ ಮರಿ ಕೆಳಗೆ ಬಿದ್ದರೆ ಮುಗಿಯಿತು.

ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೆ ಇದನ್ನು ಖಡಕ್ಕಾಗಿ ಹೇಳಿ. ಅಪ್ಪಿತಪ್ಪಿ ಕಚ್ಚಿದರೆ ಅಥವಾ ಪರಚಿದರೆ ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಿ. ಅರಿಶಿಣ ಹಚ್ಚಿ ಸುಮ್ನೆ ಕೂರಬೇಡಿ.

ಒಳಗೆ ಉಸಿರು ಕಟ್ಟುತ್ತೆ ಅಂತಾರೆ. ನಿಜಾನಾ, ಭ್ರಮೆಯಾ?

ಎರಡೂ ಇರಬಹುದು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಪ್ರತಿಶತ, ಇಂಗಾಲದ ಡೈಆಕ್ಸೈಡ್ 0.04 ಪ್ರತಿಶತ. ನಾವು ಬಿಡುವ ಉಸಿರಿನಲ್ಲಿ ಆಮ್ಲಜನಕ 16ಕ್ಕೆ ಇಳಿದಿರುತ್ತದೆ, ಇಂಗಾಲದ ಡೈಆಕ್ಸೈಡ್ 4ಕ್ಕೆ ಏರಿರುತ್ತದೆ. ಗುಹೆಯ ಆ ತುದಿಯಲ್ಲಿ ಗೋಡೆ. ಗಾಳಿ ಆಚೆಯಿಂದ ಈಚೆಗೆ ಹಾಯ್ದುಹೋಗಲು ದಾರಿಯಿಲ್ಲ. ನೂರಾರು ಜನ ಒಟ್ಟಿಗೆ ನಿಂತರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಅದಕ್ಕೇ ಒಳಕ್ಕೆ ಗಾಳಿ ಹಾಯಿಸುವ ವ್ಯವಸ್ಥೆ ಮಾಡಿರುವುದು, ಅದಕ್ಕೇ ಜನರನ್ನು ತಡೆತಡೆದು ಬಿಡುವುದು.

ತಲೆನೋವು, ಏದುಸಿರು, ಎದೆ ಡವಡವ, ಕಾರಣವಿಲ್ಲದೆ ಸುಸ್ತು, ಇವೇ ಗುರುತು. ಬರೀ ಭಯದಿಂದಲೂ ಇವೇ ಆಗುತ್ತವೆ. ಯಾವುದರಿಂದ ಆಯಿತು ಅಂತ ಅಲ್ಲೇ ನಿಂತು ಚರ್ಚೆ ಮಾಡಬೇಕಿಲ್ಲ. ಎರಡಕ್ಕೂ ಮದ್ದು ಒಂದೇ, ಹೊರಗೆ ನಡೆಯುವುದು. ಸಣ್ಣ ಮಕ್ಕಳು ‘ಉಸಿರು ಕಟ್ಟುತ್ತೆ’ ಅಂತ ಹೇಳುವುದಿಲ್ಲ. ಮಂಕಾಗುತ್ತಾರೆ, ಹೆಗಲಿಗೆ ತಲೆ ಹಾಕುತ್ತಾರೆ. ‘ಪಾಪ, ನಿದ್ದೆ ಬಂತು’ ಅಂದುಕೊಂಡು ಮುಂದೆ ಹೋಗಬೇಡಿ.

ಕೆಲವರು ಕರ್ಪೂರ, ಊದುಬತ್ತಿ ಹಚ್ಚಲು ನೋಡುತ್ತಾರೆ. ಅಂಥ ಜಾಗದಲ್ಲಿ ಉರಿಯುವ ಯಾವುದೂ ಎಲ್ಲರ ಪಾಲಿನ ಗಾಳಿ ತಿನ್ನುತ್ತದೆ. ‘ದೀಪ ಉರಿದರೆ ಗಾಳಿ ಸರಿ ಇದೆ’ ಎಂಬ ಹಳೇ ಪರೀಕ್ಷೆಯನ್ನೂ ನಂಬಬೇಡಿ. ದೀಪ ಆರುವಷ್ಟು ಆಮ್ಲಜನಕ ಇಳಿಯುವ ಮೊದಲೇ ಇಂಗಾಲದ ಡೈಆಕ್ಸೈಡ್ ಏರಿ ತಲೆ ಸುತ್ತಬಹುದು.

ಕರೆಂಟ್ ಹೋದ್ರೆ?

ಇದ್ದಲ್ಲೇ ನಿಲ್ಲಿ. ಕತ್ತಲಿನಲ್ಲಿ ತಳ್ಳಾಟವೇ ದೊಡ್ಡ ಅಪಾಯ. ಪ್ರತಿ ಮನೆಯವರ ಹತ್ತಿರ ನೀರು ಹೋಗದ ಒಂದು ಸಣ್ಣ ಟಾರ್ಚ್ ಇರಲಿ, ಕೊರಳಿಗೆ ದಾರ ಕಟ್ಟಿ ಹಾಕಿಕೊಂಡರೆ ಕೈ ಖಾಲಿ. ಮನೆಯವರ ಹೆಸರು ಕೂಗಿ, ಒಬ್ಬೊಬ್ಬರಾಗಿ ಓಗೊಡಲಿ. ಗಾಳಿಯ ಯಂತ್ರವೂ ನಿಂತಿರಬಹುದು, ಹಾಗಾಗಿ ಹೆಚ್ಚು ಹೊತ್ತು ಕಾಯದೆ ಬಾಗಿಲ ಕಡೆ ತಿರುಗಿ ನಿಧಾನ ಸರಿಯಿರಿ. ಗೋಡೆ ಹಿಡಿಯುವಾಗ ಕಲ್ಲು ಹಿಡಿಯಿರಿ, ವೈರನ್ನಲ್ಲ. ದೀಪದ ವೈರು, ಪೈಪು ಯಾವುದಕ್ಕೂ ಜೋತು ಬೀಳಬೇಡಿ.

ಆ ನೀರು ಕುಡಿಯಬಹುದಾ?

ಜನ ನಡೆದ ನೀರನ್ನು ಬೇಡ. ಒರತೆ ಶುದ್ಧವೇ ಇದ್ದರೂ ನಿಮ್ಮ ಬಾಯಿಗೆ ಬರುವ ಹೊತ್ತಿಗೆ ಅದು ಎಷ್ಟೋ ಜನರ ಕಾಲು, ಬಾವಲಿ ಹಿಕ್ಕೆ ಎಲ್ಲಾ ದಾಟಿ ಬಂದಿರುತ್ತದೆ. ತಲೆಗೆ ಪ್ರೋಕ್ಷಿಸಿಕೊಳ್ಳಿ, ಸಾಕು. ಸಾಬೂನು, ಶಾಂಪೂ, ಹೂವಿನ ಪ್ಲಾಸ್ಟಿಕ್ ಕವರು ನೀರಿಗೆ ಹೋಗಬಾರದು.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಬೀದರ್ ಇರೋದೇ ಎತ್ತರದಲ್ಲಿ. ಅಲ್ಲಿ ಗುಡ್ಡದೊಳಗೆ ಇಷ್ಟು ನೀರು ಎಲ್ಲಿಂದ ಬಂತು?

ಉತ್ತರ ಗೋಡೆಯಲ್ಲೇ ಇದೆ, ಕೈಯಿಟ್ಟು ನೋಡಿ. ತುಂಬಾ ತೂತು. ಬೆರಳು ಹೋಗುವಂಥ ರಂಧ್ರಗಳು, ಅವುಗಳ ಒಳಗೆ ಇನ್ನೂ ಸಣ್ಣವು, ಕೆಲವು ಕಡೆ ಹಳದಿ ಜೇಡಿ. ಇದು ಜಂಬಿಟ್ಟಿಗೆ ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ದಖ್ಖನ್‌ನ ಕಪ್ಪು ಕಲ್ಲಾಯಿತು. ಆಮೇಲೆ ಬಿಸಿಲು, ಮಳೆ ಅದರ ಮೇಲ್ಪದರವನ್ನು ಲಕ್ಷಾಂತರ ವರ್ಷ ತೊಳೆದವು. ಸಿಲಿಕಾ ಕರಗಿ ಹೋಯಿತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದವು. ಕೆಂಪು ಬಣ್ಣ ಆ ಕಬ್ಬಿಣದ್ದು.

ಮಳೆ ಬಿದ್ದಾಗ ನೀರು ಈ ತೂತುಗಳಲ್ಲಿ ಕೆಳಗಿಳಿಯುತ್ತದೆ. ಅಡಿಯಲ್ಲಿ ಜೇಡಿ ಪದರ, ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು. ಅಲ್ಲಿಂದ ಕೆಳಕ್ಕೆ ಸಲೀಸಾಗಿ ಹೋಗದೆ ನೀರು ಅಡ್ಡ ಹರಿದು, ಪ್ರಸ್ಥಭೂಮಿ ಮುಗಿಯುವ ಅಂಚಿನಲ್ಲಿ ಹೊರಗೆ ಬರುತ್ತದೆ. ಬೀದರ್‌ನ ಝರಿಗಳು ಊರಿನ ನಡುವೆ ಸಿಗದೆ ಅಂಚಿನಲ್ಲೇ ಸಿಗುವುದು ಇದಕ್ಕೇ. ಮೇಲೆ ಬೋರ್‌ವೆಲ್ ಜಾಸ್ತಿಯಾದಂತೆ, ಮಣ್ಣಿನ ಮೇಲೆ ಕಾಂಕ್ರೀಟ್ ಬಿದ್ದಂತೆ ಕೆಳಗೆ ಒರತೆ ಸೊರಗುತ್ತದೆ. ‘ಮೊದಲಿನಷ್ಟು ನೀರಿಲ್ಲ’ ಅಂತ ಗೊಣಗುವವರು ತಮ್ಮ ಅಂಗಳವನ್ನೂ ಒಮ್ಮೆ ನೋಡಿಕೊಳ್ಳಲಿ.

ಮೇ ತಿಂಗಳ ಬಿಸಿಲಲ್ಲೂ ಒಳಗೆ ಚಳಿ ಹಿಡಿಯುತ್ತಲ್ಲ, ಯಾಕೆ?

ನೆಲದೊಳಗಿನ ಬಿಸಿ ಆ ಊರಿನ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ. ಹೊರಗೆ 40 ಡಿಗ್ರಿ ಇದ್ದಾಗ ಅದು ತಂಪು, ಡಿಸೆಂಬರ್ ಬೆಳಿಗ್ಗೆ ಬೆಚ್ಚಗೆ. ಜೊತೆಗೆ ನೀರು ಮೈಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆಯುತ್ತದೆ. ಮಕ್ಕಳ ತುಟಿ ನೀಲಿಯಾದರೆ ಒದ್ದೆ ಬಟ್ಟೆಯಲ್ಲಿ ಬಿಸಿಲಿಗೆ ನಿಲ್ಲಿಸಬೇಡಿ, ಮೊದಲು ಒಣ ಬಟ್ಟೆ ಹಾಕಿ.

ಬೊರ್ರಾ, ಬೆಳಂ ಗುಹೆಗಳ ಹಾಗೆ ಕಲ್ಲಿನ ಜಡೆಗಳು ಇಲ್ಲಿ ಯಾಕಿಲ್ಲ?

ಅವು ಸುಣ್ಣದಕಲ್ಲಿನ ಗುಹೆಗಳು. ಮಳೆನೀರಿನಲ್ಲಿ ಬೆರೆತ ಇಂಗಾಲದ ಡೈಆಕ್ಸೈಡ್ ಸುಣ್ಣದಕಲ್ಲನ್ನು ಕರಗಿಸುತ್ತದೆ. ಆ ನೀರು ಸೂರಿನಿಂದ ತೊಟ್ಟಿಕ್ಕುವಾಗ ಸುಣ್ಣ ಮತ್ತೆ ಗಟ್ಟಿಯಾಗಿ ಇಳಿಬೀಳುತ್ತದೆ. ಆಂಧ್ರದ ಬೆಳಂ ಗುಹೆ 3,229 ಮೀಟರ್ ಉದ್ದ ಇರುವುದೂ ಹಾಗೆ ಕರಗಿ ಕರಗಿಯೇ. ಜಂಬಿಟ್ಟಿಗೆಯಲ್ಲಿ ಕರಗುವ ಸುಣ್ಣ ಇಲ್ಲ. ಕಲಬುರಗಿಯವರಿಗೆ ಬೇಗ ಅರ್ಥವಾಗುತ್ತದೆ: ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದಕಲ್ಲೇ, ಅದರ ಮೇಲೆ ನಿಂಬೆರಸ ಚೆಲ್ಲಿದರೆ ಹೊಳಪು ಹೋಗುತ್ತದೆ. ಬೀದರ್ ಕೆಂಪು ಕಲ್ಲಿಗೆ ನಿಂಬೆರಸ ಏನೂ ಮಾಡುವುದಿಲ್ಲ.

ನೀರಿಲ್ಲದ ಗವಿ ಬೇಕು, ವಯಸ್ಸಾದವರಿದ್ದಾರೆ. ಎಲ್ಲಿ ಹೋಗೋದು?

ಬಸವಕಲ್ಯಾಣ. ಬೀದರ್‌ನಿಂದ ಸುಮಾರು 80 ಕಿಲೋಮೀಟರ್. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ ಅಕ್ಕ ನಾಗಮ್ಮನ ಗವಿ ಅಲ್ಲಿದೆ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರ ಗವಿ, ಅಂಬಿಗರ ಚೌಡಯ್ಯನವರ ಗವಿಯೂ ಇವೆ. ಇವು ಸಾಹಸದ ಜಾಗಗಳಲ್ಲ, ಕೂತು ನಾಲ್ಕು ವಚನ ಹೇಳಿಕೊಳ್ಳುವ ಜಾಗಗಳು. ತಲೆ ಬಗ್ಗಿಸಿ ಹೋಗುವುದೊಂದನ್ನು ಹಿರಿಯರಿಗೆ ನೆನಪಿಸಿ.

ಯಾದಗಿರಿ ಕಡೆಯವರಿಗೆ ಗುರುಮಠಕಲ್ ಹತ್ತಿರದ ಚಿಂತನಹಳ್ಳಿ ಗವಿಸಿದ್ಧಲಿಂಗೇಶ್ವರ ಇದೆ. ಅಲ್ಲಿ ಗವಿಯ ಜೊತೆ ಜಲಪಾತವೂ ಇರುವುದರಿಂದ ಜೋರು ಮಳೆ ಹಿಡಿದ ದಿನ ಮಕ್ಕಳನ್ನು ಒಯ್ಯಬೇಡಿ. ಝರಿ ದಿನಗಟ್ಟಲೆ ತಗೊಂಡು ಏರುತ್ತದೆ, ಹಳ್ಳ ಗಂಟೆಯೊಳಗೆ ಏರುತ್ತದೆ.

ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿಯೊಳಗೂ ಇಳಿಯಬಹುದಾ?

ಮನೆಮಂದಿ ಜೊತೆ ಅಂತೂ ಬೇಡ. ಅದು ಗುಹೆಯಲ್ಲ, 15ನೇ ಶತಮಾನದಲ್ಲಿ ಬಹಮನಿಗಳ ಕಾಲಕ್ಕೆ ಪರ್ಷಿಯಾದ ಪದ್ಧತಿಯಲ್ಲಿ ತೋಡಿದ ಕರೇಜ್. ಎತ್ತರದಲ್ಲಿ ಒಂದು ತಾಯಿ ಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಾದ ಸುರಂಗ, ನಡುನಡುವೆ ಮೇಲಿನಿಂದ ನೇರ ಇಳಿಯುವ ಬಾವಿಗಳು. ಅಗೆದ ಮಣ್ಣು ತೆಗೆಯಲು, ಗಾಳಿ ಬರಲು, ನೀರು ಸೇದಲು ಅವೇ ಬಾವಿಗಳು. ಪಂಪಿಲ್ಲದೆ ನೀರು ತಾನಾಗಿ ಹರಿಯುತ್ತಿತ್ತು. ಹೂಳು ತುಂಬಿ ಮರೆತುಹೋಗಿದ್ದನ್ನು 2015ರ ಆಸುಪಾಸಿನಲ್ಲಿ ತೆಗೆಸಿದರು. ಮೃದುವಾಗಿ ಕಡಿಸಿಕೊಂಡು ಗಾಳಿಗೆ ಗಟ್ಟಿಯಾಗುವ ಅದೇ ಜಂಬಿಟ್ಟಿಗೆ ಇಲ್ಲದಿದ್ದರೆ ಇದನ್ನು ತೋಡುವುದು ಇಷ್ಟು ಸುಲಭ ಆಗುತ್ತಿರಲಿಲ್ಲ.

ಬಾವಿಯ ಬಾಯಿಯಿಂದ ಇಣುಕಿ ನೋಡಿ, ಮಕ್ಕಳ ಕೈ ಹಿಡಿದುಕೊಂಡೇ. ಒಂದು ಬಾವಿಯಿಂದ ಮುಂದಿನ ಬಾವಿಗೆ ಮೇಲಿನ ದಾರಿಯಲ್ಲಿ ನಡೆದರೆ ಕೆಳಗೆ ಸುರಂಗ ಎತ್ತ ಹೋಗಿದೆ ಅಂತ ಹುಡುಗರೇ ಕಂಡುಹಿಡಿಯುತ್ತಾರೆ. ಬೆಳಿಗ್ಗೆ ಗುಹೆ, ಊಟ, ಸಂಜೆ ಬಿಸಿಲು ಇಳಿದ ಮೇಲೆ ನೌಬಾದ್, ಇದು ನಮ್ಮ ಮನೆಗೆ ಬಂದವರಿಗೆ ನಾನು ಹಾಕಿಕೊಡುವ ಪಟ್ಟಿ.